ಝೀರೋ ನಿಲ್ಲದ ಸ್ಕೋಪು

ಸ್ಪ್ರಿಂಗ್ ಏರ್ ರೈಫಲ್ ಒಂದು ವಿಚಿತ್ರ ಪ್ರಾಣಿ. ಕುದುರೆ ಒತ್ತಿದ ತಕ್ಷಣ ಮೊದಲು ಹಿಂದಕ್ಕೆ ಒದೆಯುತ್ತೆ, ಒಳಗಿನ ಪಿಸ್ಟನ್ ಓಡಿಹೋಗಿ ತುದಿಗೆ ಬಡಿದಾಗ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತೆ. ಆ ಎರಡನೇ ಜಗ್ಗಿಗೇ ಸ್ಕೋಪುಗಳ ಪ್ರಾಣ ಹೋಗೋದು.

ಉಮ್ಮತ್ತೂರಿನ ನಮ್ಮ ಚಿಕ್ಕಪ್ಪನದು .177 ಬೋರಿನದು. (20 ಜೂಲ್ ಒಳಗಿದ್ದರೆ ಲೈಸೆನ್ಸ್ ಬೇಡ. ಹಂಗಂತ ಪ್ರಾಣಿ ಪಕ್ಷಿ ಮೇಲಲ್ಲ ಮತ್ತೆ, ಆ ಕಡೆ ಕೃಷ್ಣಮೃಗಗಳಿವೆ, 1972ರ ಕಾಯ್ದೆಯೂ ಇದೆ. ಮಣ್ಣುಗೋಡೆಗೆ ಅಂಟಿಸಿದ ಪೇಪರ್ ಮಾತ್ರ.) "ಎಂಗೆ ಹೊಡುದ್ರೂ ಒಂದ್ ಕಡೆ ಬೀಳಲ್ಲ ಕನ್ಲಾ ಮಗ, ಅಂಗಡಿಯವ್ನು ಹೊಸ ಸ್ಕೋಪ್ ತಕ್ಕೊ ಅಂತವ್ನೆ" ಅಂದ್ರು. ಅರಿಶಿನ ಮಾರಿದ ದುಡ್ಡಲ್ಲಿ ಐದು ಸಾವಿರ ತೆಗೆದಿಟ್ಟಿದ್ರು. ಚಿಕ್ಕಮ್ಮ ಮಾತೇ ಆಡ್ತಿರಲಿಲ್ಲ. ಒಂದು ಭಾನುವಾರ ನನಗೆ ಬಿಡಿ ಅಂದೆ.

ಸಾಫ್ಟ್‌ವೇರಲ್ಲಿ ಬಗ್ ಹುಡುಕೋ ಹಾಗೇ, ಒಂದು ಸಲಕ್ಕೆ ಒಂದೇ ಬದಲಾವಣೆ. ಈ ಸ್ಕೋಪಲ್ಲಿ ಒಂದು ಕ್ಲಿಕ್ಕಿಗೆ 100 ಗಜದಲ್ಲಿ ಕಾಲಿಂಚು, 25 ಗಜದಲ್ಲಿ ಒಂದೂವರೆ ಮಿಲಿಮೀಟರ್ ಚಿಲ್ಲರೆ. ಪೆಲೆಟ್ಟು ಮೂರಿಂಚು ಓಡ್ತಿದ್ರೆ ಅದು ಗಾಳಿಯ ತಪ್ಪಲ್ಲ. ಮೌಂಟಿನ ಹಿಂದೆ ರೈಲಿನ ಮೇಲೆ ಪೆನ್ಸಿಲ್ ಗೆರೆ ಎಳೆದು ಹತ್ತು ಸಲ ಹೊಡೆದ್ವಿ. ಗೆರೆ ಮುಚ್ಚಿಹೋಗಿತ್ತು! ಮೌಂಟು ಹಿಂದಕ್ಕೆ ಜಾರ್ತಿದೆ. ಅದರ ಅಡಿಯಲ್ಲಿ ಒಂದು ಸ್ಟಾಪ್ ಪಿನ್ ಇರುತ್ತೆ, ರೈಲಿನ ಮೇಲಿನ ತೂತಿಗೆ ಕೂತರೆ ಜಾರಲ್ಲ. ಕೂರಿಸಿ, ಸ್ಕ್ರೂಗಳನ್ನು ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ್ವಿ.

ಜಾರೋದು ನಿಂತ್ರೂ ಮೇಲೆ ಕೆಳಗೆ ಕುಣಿಯೋದು ನಿಲ್ಲಲಿಲ್ಲ. ನೋಡಿದ್ರೆ ಎಲಿವೇಶನ್ ತಿರುಪು ಹೆಚ್ಚುಕಮ್ಮಿ ಕೊನೆಗೆ ಹೋಗಿದೆ. ನಳಿಗೆ ಮುರಿದು ಪೆಲೆಟ್ಟು ತುಂಬೋ ರೈಫಲ್‌ಗಳಲ್ಲಿ ನಳಿಗೆ ಒಂಚೂರು ಕೆಳಕ್ಕೆ ಬಾಗಿರೋದು ಸಾಮಾನ್ಯ. ಅದನ್ನ ಸರಿದೂಗಿಸೋಕೆ ತಿರುಪನ್ನ ಪೂರಾ ಎತ್ತಿದಾಗ ಸ್ಕೋಪಿನ ಒಳಗೆ ಅದಕ್ಕೆ ಎದುರಾಗಿ ಒತ್ತೋ ಸ್ಪ್ರಿಂಗು ಸಡಿಲವಾಗುತ್ತೆ, ಪ್ರತಿ ಏಟಿಗೂ ಒಳಗಿನ ಕೊಳವೆ ಅಲುಗುತ್ತೆ.

ಅಜ್ಜಿಯ ಮಂಡಿಯ ಹಳೇ ಎಕ್ಸ್‌ರೇ ಇತ್ತು :) ಒಂದು ಪಟ್ಟಿ ಕತ್ತರಿಸಿ ಹಿಂದಿನ ರಿಂಗಿನ ಕೆಳಗೆ ಇಟ್ವಿ. ಸ್ಕೋಪಿನ ಹಿಂಭಾಗ ಎತ್ತರವಾದ್ರೆ ಏಟು ಮೇಲಕ್ಕೆ ಬೀಳುತ್ತೆ, ತಿರುಪು ಮಧ್ಯಕ್ಕೆ ವಾಪಸ್ ಬರುತ್ತೆ. ರೈಫಲ್ಲನ್ನ ಕಲ್ಲಿನ ಮೇಲೆ ಒತ್ತಿ ಹಿಡಿಯೋದು ಬಿಟ್ಟು, ಅಂಗೈ ಮೇಲೆ ಸುಮ್ಮನೆ ಕೂರಿಸಿ ಹೊಡೀರಿ ಅಂದೆ. ಐದು ಪೆಲೆಟ್ಟೂ ಐದು ರೂಪಾಯಿ ನಾಣ್ಯದಡಿ ಮುಚ್ಚುವಷ್ಟು ಜಾಗದಲ್ಲಿ ಬಿದ್ವು. ದುಡ್ಡು ಚಿಕ್ಕಮ್ಮನ ಡಬ್ಬಿ ಸೇರ್ತು.

ಹೊಸದಾಗಿ ಪೆನ್ಸಿಲ್ ಗೆರೆ ಎಳೆದು ಬಂದಿದೀನಿ. ಯುಗಾದಿಗೆ ಹೋದಾಗ ಅದು ಕಾಣ್ತಿದೆಯಾ ಅಂತ ಮೊದಲು ನೋಡಬೇಕು.