ಪದ್ಮಿನಿಯ ನಾಡಿ

ನಮ್ಮ ಮನೆಗೆ ಪದ್ಮಿನಿ ಬಂದದ್ದು 1994ರಲ್ಲಿ. ಹೆಸರನ್ನು ಕೇಳಿ ಓದುಗರು ಬೇರೇನನ್ನಾದರೂ ಊಹಿಸಿಕೊಳ್ಳುವ ಮೊದಲೇ ಹೇಳಿಬಿಡುವುದು ಒಳ್ಳೆಯದು: ಆಕೆ ಕಾವ್ಯದ ನಾಯಿಕೆಯಲ್ಲ, 1986ನೆಯ ಇಸವಿಯ ಒಂದು ಪ್ರೀಮಿಯರ್ ಪದ್ಮಿನಿ ಕಾರು. ಸುರಪುರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ನಮ್ಮ ತೀರ್ಥರೂಪರು ಅದನ್ನು ಎರಡನೆಯ ಕೈಯಲ್ಲಿ ಕೊಂಡು ತಂದಾಗ ನನಗೆ ಐದು ವರ್ಷ. ತಾಯಿಯವರು ಆರತಿ ಎತ್ತಿದರು, ಎಂಜಿನ್ನು ಕೆಮ್ಮಿತು, ಆರತಿಯ ದೀಪ ಆರಿತು. ಅಪಶಕುನವೆಂದು ಯಾರೋ ಅಂದರು. ತಂದೆಯವರು ಮಾತ್ರ, “ಚೋಕ್ ಎಳೆದದ್ದು ಹೆಚ್ಚಾಗ್ಯಾದ” ಎಂದು ಗುಂಡಿಯನ್ನು ಒಳಕ್ಕೆ ತಳ್ಳಿದರು.

ಗಣಿತದ ಮಾಸ್ತರರ ಕೈಗೆ ಎಂಜಿನ್ನು ಸಿಕ್ಕರೆ ಆಗುವ ಅನಾಹುತವನ್ನು ನಾನು ಒಂಬತ್ತನೆಯ ತರಗತಿಯಲ್ಲಿ ಅನುಭವಿಸಿದೆನು. ಸಿಲಿಂಡರಿನ ವ್ಯಾಸ 68 ಮಿಲಿಮೀಟರು, ಪಿಸ್ಟನ್ನು ಚಲಿಸುವ ದೂರ 75 ಮಿಲಿಮೀಟರು, ಸಿಲಿಂಡರುಗಳು ನಾಲ್ಕು, ಒಟ್ಟು ಗಾತ್ರವೆಷ್ಟು? ಒಂದೊಂದಕ್ಕೆ 272 ಚಿಲ್ಲರೆ, ನಾಲ್ಕಕ್ಕೆ 1089 ಘನ ಸೆಂಟಿಮೀಟರು. ಉತ್ತರ ಸರಿಬರುವವರೆಗೆ ಊಟವಿಲ್ಲ. ಇಷ್ಟರಲ್ಲಿ ಹುಟ್ಟುವ ಶಕ್ತಿ ನಲವತ್ತು ಚಿಲ್ಲರೆ ಅಶ್ವಗಳದು. ಇಂದಿನ ಚಿಕ್ಕ ಕಾರುಗಳು ಇಷ್ಟೇ ಗಾತ್ರದಿಂದ ಅದಕ್ಕೂ ಬಹಳ ಹೆಚ್ಚು ತೆಗೆಯುತ್ತವೆ. ಆದರೆ ಅವುಗಳ ಮುಚ್ಚಳ ತೆರೆದರೆ ಪ್ಲಾಸ್ಟಿಕ್ಕಿನ ಇನ್ನೊಂದು ಮುಚ್ಚಳ ಕಾಣುತ್ತದೆ. ಪದ್ಮಿನಿಯ ಮುಚ್ಚಳ ತೆರೆದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ, ಕೈಗೆ ಎಟುಕುತ್ತದೆ.

ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಇಟಲಿಯ ಟೂರಿನ್ ನಗರದ ಫಿಯಾಟ್ 1100 ಇದರ ಮೂಲ. ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ 1964ರಿಂದ ‘ಡಿಲೈಟ್’ ಎಂದೂ, 1972ರಿಂದ ‘ಪ್ರೆಸಿಡೆಂಟ್’ ಎಂದೂ, 1974ರಿಂದ ಚಿತ್ತೋಡದ ರಾಣಿಯ ನೆನಪಿಗೆ ‘ಪದ್ಮಿನಿ’ ಎಂದೂ ಹೆಸರು ಬದಲಾಯಿತು. ಎಂಜಿನ್ನಿನ ವಂಶ ಬದಲಾಗಲಿಲ್ಲ. ಮುಂಬಯಿಯ ಕಪ್ಪು–ಹಳದಿ ಟ್ಯಾಕ್ಸಿಗಳ ಸಾಲಿನಿಂದ ಕಟ್ಟಕಡೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ನಿವೃತ್ತಳಾದಳು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿ ತಂದೆಯವರು ಅಂದು ಸಂಜೆ ಯಾರೊಡನೆಯೂ ಮಾತಾಡಲಿಲ್ಲ.

ಹಳೆಯ ಪೆಟ್ರೋಲು ಎಂಜಿನ್ನಿನ ಕಾಯಿಲೆಗಳು ನಮ್ಮ ಅಜ್ಜಿಯರ ಕಾಯಿಲೆಗಳಂತೆ. ಹೆಸರುಗಳು ಹತ್ತಾದರೂ ಮೂಲಗಳು ಮೂರೋ ನಾಲ್ಕೋ. ಕಿಡಿ ಬಾರದಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟುಗಳನ್ನು ನೋಡಬೇಕು. ಅವುಗಳ ನಡುವಣ ಸಂದು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ. ಕಾಲಕ್ರಮದಲ್ಲಿ ಅಲ್ಲಿ ಕರಕಲು ಕಟ್ಟುತ್ತದೆ, ಉಜ್ಜಬೇಕು. ಉಸಿರು ಕಟ್ಟಿದರೆ ಏರ್‌ಫಿಲ್ಟರು. ನಮ್ಮ ಎರೆಯ ಮಣ್ಣಿನ ಧೂಳಂತೂ ಅದರ ಜನ್ಮವೈರಿ. ನೀರು ಕಡಿಮೆಯಾಗಿ ಕಾಯ್ದರೆ ಅಲ್ಯೂಮಿನಿಯಮ್ಮಿನ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ಟು ಸುಡುತ್ತದೆ. ಆಗ ಮಾತ್ರ ಖರ್ಚು ಭಾರಿ. ಬ್ಯಾಟರಿಯ ವಿಷಯದಲ್ಲಿ ಸುರಪುರದವರು ಪುಣ್ಯವಂತರು. ಊರು ಗುಡ್ಡಗಳ ನಡುವೆ ಇರುವುದರಿಂದ ಇಳಿಜಾರಿಗೆ ಬರವಿಲ್ಲ. ತಂದೆಯವರು ಕಾರನ್ನು ಎಂದೂ ಸಮತಟ್ಟಿನಲ್ಲಿ ನಿಲ್ಲಿಸಿದವರಲ್ಲ. ಟೇಲರ್ ಸಾಹೇಬನು ಗುಡ್ಡದ ಮೇಲೆ ಬಂಗಲೆ ಕಟ್ಟಿಸಿಕೊಂಡದ್ದು ಗಾಳಿಗಾಗಿ ಎಂದು ಜನ ಹೇಳುತ್ತಾರೆ. ಅವನಿಗೊಂದು ಕಾರಿದ್ದರೆ ಬೇರೆ ಕಾರಣವೂ ಸಿಗುತ್ತಿತ್ತು ಎಂದು ನಮ್ಮವರ ವಾದ.

ನೋಂದಣಿಯನ್ನು 2021ರಲ್ಲಿ ನವೀಕರಿಸಿದ್ದೆವು. ಐದು ವರ್ಷದ ಗಡುವು ಸಮೀಪಿಸುತ್ತಿತ್ತು. ತಂದೆಯವರಿಗೆ ಎಪ್ಪತ್ತೈದು ದಾಟಿ, ವೈದ್ಯರು ಚಾಲನೆಯನ್ನು ನಿಷೇಧಿಸಿದ್ದರು. ಇನ್ನು ಮಾರಿಬಿಡುವುದೇ ಲೇಸೆಂದು ನಾನೇ ಪ್ರಸ್ತಾಪವೆತ್ತಿದೆನು. ಅವರು ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ವಾದಿಸಬಹುದಿತ್ತು. ಯಾದಗಿರಿಯಲ್ಲಿ ಹಳೆಯ ಕಾರುಗಳ ಹವ್ಯಾಸವುಳ್ಳ ಗೃಹಸ್ಥರೊಬ್ಬರು ನೋಡುವೆನೆಂದರು. 2025ರ ಏಪ್ರಿಲ್ ಕೊನೆಯ ಒಂದು ದಿನ ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಹೊರಟೆನು.

ಶಹಾಪುರದವರೆಗೆ ಎಲ್ಲವೂ ಸರಿಯಾಗಿತ್ತು. ಕಾಲುವೆಯ ನೀರುಂಡ ಗದ್ದೆಗಳು ಎಡಬಲಕ್ಕೆ ಸರಿದವು. ಬುದ್ಧ ಮಲಗಿದಂತೆ ಕಾಣುವ ಬೆಟ್ಟವನ್ನು ನೋಡುತ್ತ ಊರೊಳಗೆ ಚಹಾ ಕುಡಿದೆವು. ಆ ಅರ್ಧ ತಾಸಿನ ನಿಲುಗಡೆಯೇ ತಪ್ಪಾಯಿತೆಂದು ಆಮೇಲೆ ತಿಳಿಯಿತು. ಮುಂದೆ ಭೀಮಾ ನದಿಯ ಸೇತುವೆ ಇನ್ನೂ ದೂರವಿರುವಾಗಲೇ ಎಂಜಿನ್ನು ಎರಡು ಸಲ ಮುಗ್ಗರಿಸಿ, ನಿಟ್ಟುಸಿರಿಟ್ಟು ನಿಂತಿತು. ಹೊತ್ತು ನಡುಹಗಲು, ಬಿಸಿಲು ನಲವತ್ತರ ಮೇಲೆ. ನಾನು ಪ್ಲಗ್ಗನ್ನು ಬಿಚ್ಚಿದೆನು, ಪಾಯಿಂಟನ್ನು ಉಜ್ಜಿದೆನು, ಸ್ಟಾರ್ಟರನ್ನು ಅರಚಿಸಿದೆನು. ತಂದೆಯವರು ಬೇವಿನ ಮರದ ನೆರಳಿನಲ್ಲಿ ಕುಳಿತು ಇಷ್ಟನ್ನೂ ನೋಡಿದರು. ತಪ್ಪು ಲೆಕ್ಕ ಮಾಡುವ ವಿದ್ಯಾರ್ಥಿಯನ್ನು ಕೊನೆಯ ಸಾಲಿನವರೆಗೆ ಬಿಡುವುದು ಅವರ ಹಳೆಯ ಪದ್ಧತಿ. ಕಡೆಗೆ ಅಂದರು: “ಗಾಡಿ ಕೆಟ್ಟಿಲ್ಲೋ, ಬಾಯಾರ್ಯಾದ. ಪಂಪಿನ ಮ್ಯಾಲ ಕೈ ಇಡು.”

ಇಟ್ಟೆನು, ಕೈ ಸುಟ್ಟಿತು. ಪೆಟ್ರೋಲಿನ ಟ್ಯಾಂಕು ಹಿಂದೆ, ಅದನ್ನು ಹೀರುವ ಪಂಪು ಮುಂದೆ, ಎಂಜಿನ್ನಿನ ಮೈಗೇ ಅಂಟಿಕೊಂಡು. ಪೆಟ್ರೋಲಿನ ಹಗುರಾದ ಅಂಶಗಳು ನಲವತ್ತು ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ; ಹೀರುವಾಗ ಒತ್ತಡ ಇಳಿಯುವುದರಿಂದ ಇನ್ನೂ ಬೇಗ. ಓಡುವ ಎಂಜಿನ್ನಿಗೆ ಗಾಳಿಯ ತಂಪಿದೆ. ಕಾಯ್ದು ನಿಂತ ಎಂಜಿನ್ನಿಗೆ ಅದೂ ಇಲ್ಲ. ಕೊಳವೆಯಲ್ಲಿ ದ್ರವದ ಬದಲು ಆವಿ ತುಂಬುತ್ತದೆ. ದ್ರವವನ್ನು ತಳ್ಳಲು ಹುಟ್ಟಿದ ಪಂಪು ಆವಿಯನ್ನು ಹಿಸುಕುತ್ತ ಕೂರುತ್ತದೆಯೇ ಹೊರತು ಮುಂದಕ್ಕೆ ಕಳಿಸಲಾರದು. ಟ್ಯಾಂಕಿನಲ್ಲಿ ಪೆಟ್ರೋಲಿದೆ, ಪ್ಲಗ್ಗಿನಲ್ಲಿ ಕಿಡಿಯಿದೆ, ನಡುವೆ ಬರಗಾಲ. ಎಥನಾಲು ಬೆರೆತ ಪೆಟ್ರೋಲು ಬಂದ ಮೇಲೆ ಇಂತಹ ಎಂಜಿನ್ನುಗಳಿಗೆ ಇನ್ನೊಂದು ಚಿಂತೆಯೂ ಸೇರಿದೆ. ಇಪ್ಪತ್ತು ಪಾಲಿನ ಆ ಮಿಶ್ರಣಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು; 2025ರ ಹೊತ್ತಿಗೆ ಬಹುತೇಕ ಬಂಕುಗಳಿಗೆ ಅದೇ ಬಂತು. ಹಳೆಯ ಕಾಲದ ರಬ್ಬರಿನ ಕೊಳವೆಗಳಿಗೂ ಪಂಪಿನ ಪೊರೆಗೂ ಎಥನಾಲು ಒಗ್ಗದು, ಮೆತ್ತಗಾಗುತ್ತವೆ, ಬಿರಿಯುತ್ತವೆ. ಅದಕ್ಕೆ ತಕ್ಕ ರಬ್ಬರನ್ನು ಹಾಕಿಸಬೇಕು. ನಾನು ಹಾಕಿಸಿರಲಿಲ್ಲ.

ತಂದೆಯವರು ಹೆಗಲ ಮೇಲಿನ ವಲ್ಲಿಯನ್ನು ಕುಡಿಯುವ ನೀರಿನಲ್ಲಿ ಅದ್ದಿ, ಜ್ವರದ ಮಗುವಿನ ಹಣೆಗೆ ಹಾಕುವಂತೆ, ಪಂಪಿಗೆ ಸುತ್ತಿದರು. ಕಾಲು ತಾಸಿನಲ್ಲಿ ಎಂಜಿನ್ನು ಏನೂ ಆಗಿಲ್ಲವೆಂಬಂತೆ ಎದ್ದಿತು.

ಯಾದಗಿರಿಯ ಗೃಹಸ್ಥರು ಸಜ್ಜನರು. ಬಣ್ಣ ನೋಡಿದರು, ಬಾಗಿಲು ನೋಡಿದರು, ಎಂಜಿನ್ನನ್ನು ಓಡಿಸಿ ಕಿವಿಗೊಟ್ಟರು. “ಟ್ಯಾಪೆಟ್ ಸಪ್ಪಳ ಭಾಳ ಅದರೀ” ಎಂದರು. ನನಗೂ ಆ ಸಪ್ಪಳ ತಿಂಗಳುಗಟ್ಟಲೆಯಿಂದ ಕೇಳಿಸುತ್ತಿತ್ತು. ಹಳೆಯ ಕಾರೆಂದ ಮೇಲೆ ಇರುವುದೇ ಎಂದು ಸುಮ್ಮನಿದ್ದೆ. ಆದರೆ ತಂದೆಯವರು ನನ್ನ ಮುಖವನ್ನು ನೋಡಿ ಮೆಲ್ಲನೆ ಕೇಳಿದರು: “ಸಪ್ಪಳ ಬರ್ತದೇನು?”

ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಹಚ್ಚಿ, ನಾಲ್ಕು ಸಿಲಿಂಡರುಗಳ ಎಂಟು ವಾಲ್ವುಗಳಲ್ಲಿ ಯಾವುದು ಸಡಿಲವೆಂದು ಹೇಳುತ್ತಿದ್ದವರು ಅವರು. ಕಿವಿ ಮಂದವಾಗಿದೆಯೆಂದು ಗೊತ್ತಿತ್ತು; ಶ್ರವಣಯಂತ್ರವನ್ನು ಡಬ್ಬಿಯಲ್ಲಿಯೇ ಇಡುತ್ತಾರೆಂದೂ ಗೊತ್ತಿತ್ತು. ಪದ್ಮಿನಿಯೂ ಅವರಿಗೆ ಕೇಳಿಸದಾಗಿದ್ದಾಳೆಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ಬೆಲೆಯ ಮಾತನ್ನು ನಾನು ಮುಂದುವರಿಸಲಿಲ್ಲ. ಬಿಸಿಲು ಇಳಿದ ಮೇಲೆ, ಎಲ್ಲಿಯೂ ನಿಲ್ಲದೆ, ಐವತ್ತು ಚಿಲ್ಲರೆ ಕಿಲೋಮೀಟರು ಹಿಂದಿರುಗಿದೆವು.

ಮರುದಿನ ಮುಂಜಾನೆ ಎಂಜಿನ್ನು ತಣ್ಣಗಿರುವಾಗ ವಾಲ್ವುಗಳ ಮುಚ್ಚಳ ತೆಗೆದೆವು. ಪ್ಲಗ್ಗುಗಳನ್ನು ಬಿಚ್ಚಿ, ಟಾಪ್ ಗೇರಿನಲ್ಲಿಟ್ಟು ಕಾರನ್ನು ಅಂಗುಲ ಅಂಗುಲವಾಗಿ ತಳ್ಳಿದರೆ ಎಂಜಿನ್ನು ತಿರುಗುತ್ತದೆ. ತಳ್ಳುವುದು ನನ್ನ ಕೆಲಸ. ತೆಳ್ಳನೆಯ ಉಕ್ಕಿನ ಗೇಜನ್ನು ತೂರಿಸಿ ಸಂದನ್ನು ಅಳೆಯುವುದು ಅವರದು. ಉರಿಯುವ ಕ್ರಮ ಒಂದು, ಮೂರು, ನಾಲ್ಕು, ಎರಡು. ನಾಲ್ಕರ ವಾಲ್ವುಗಳು ಅಲುಗುವಾಗ ಒಂದನ್ನು ಸರಿಪಡಿಸಬೇಕು, ಮೂರರವು ಅಲುಗುವಾಗ ಎರಡನ್ನು. ಸಪ್ಪಳವೇ ಬಾರದಂತೆ ಬಿಗಿದುಬಿಡಬಾರದೆ ಎಂದು ಕೇಳಿದೆನು. ಅವರು ಕೈಯಲ್ಲಿದ್ದುದನ್ನು ಕೆಳಗಿಟ್ಟರು. “ಸಪ್ಪಳ ಮಾಡೋ ಟ್ಯಾಪೆಟ್ ಬರೇ ಒದರ್ತದ. ಬಿಗಿಯಾದದ್ದು ಒದರೂದಿಲ್ಲ, ವಾಲ್ವ್ ಪೂರಾ ಮುಚ್ಚದ ಒಳಗೊಳಗ ಸುಡ್ತದ. ಗೊತ್ತಾಗೂ ಹೊತ್ತಿಗೆ ಮುಗದಿರ್ತದ.”

ಆಮೇಲೆ ಎಂಜಿನ್ನನ್ನು ಚಾಲೂ ಮಾಡಿ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟರು. “ಹ್ಯಾಂಗ ಕೇಳಸ್ತದ, ಹೇಳು.”

“ಟಕಟಕ” ಎಂದೆನು.

“ಯಾವ ಟಕಟಕ? ಹೊಲಿಗಿ ಮಶೀನಿಂದೋ, ಕುದರಿ ನಾಲಿಂದೋ?”

ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಅನುಕರಣ ಶಬ್ದಗಳಿಗೆ ವ್ಯಾಕರಣದಲ್ಲಿ ಸ್ಥಾನ ಕೊಟ್ಟಿದ್ದಾನೆ. ಆ ಭಾಗವನ್ನು ನಾನು ಪ್ರತಿ ವರ್ಷವೂ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಂದು ಬಾನೆಟ್ಟಿನ ಮೇಲೆ ಬಾಗಿ ನಿಂತಾಗ ನನ್ನಲ್ಲಿ ಒಂದು ಶಬ್ದವೂ ಒದಗಲಿಲ್ಲ. ಚಟಚಟವೆ? ಅಲ್ಲ. ಕಟಕಟವೆ? ಅಷ್ಟು ಒರಟಿಲ್ಲ. ಮೊನೆಯನ್ನು ಮೂರನೆಯ ಸಿಲಿಂಡರಿನ ಕಡೆಗೆ ಸರಿಸಿದಾಗ ಉಳಿದವುಗಳಿಗಿಂತ ತುಸು ಬೇರೆಯಾದ ಒಂದು ದನಿ ಕೇಳಿಸಿತು.

“ಹೊಲಿಗೆ ಯಂತ್ರದ್ದೇ. ಆದರೆ ಇಲ್ಲೊಂದು ಕಡೆ ದಾರ ತುಂಡಾದಂತೆ ಕೇಳಿಸುತ್ತದೆ” ಎಂದೆನು.

ಅವರು ಎಂಜಿನ್ನನ್ನು ನಿಲ್ಲಿಸಿದರು. ತಣ್ಣಗಾಗುವವರೆಗೆ ಕಾದು, ಮುಚ್ಚಳ ತೆಗೆದು, ಮೂರನೆಯದರ ಒಂದು ನಟ್ಟನ್ನು ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಬಿಗಿದರು. ಪುನಃ ಚಾಲೂ. ಈ ಸಲ ನನ್ನನ್ನು ಏನೂ ಕೇಳಲಿಲ್ಲ. ತಮ್ಮ ಅಂಗೈಯನ್ನು ಮುಚ್ಚಳದ ಮೇಲೆ ಊರಿ, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು.

“ದಾರ ಕೂಡ್ತು?”

“ಕೂಡಿತು” ಎಂದೆನು.

ಕೈಯೊರೆಸಿಕೊಂಡು ಒಳಗೆ ಹೋಗುವಾಗ, ನವೀಕರಣದ ಅರ್ಜಿಯನ್ನು ಎಂದು ತುಂಬುತ್ತೀ ಎಂದು ಕೇಳಿದರು. ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಲು ಹೇಳಿದರು.