ಗೊತ್ತಿಲ್ಲ ಬೇರೆ, ಇಲ್ಲ ಬೇರೆ

ಈ ಕಡೆ ತಲೆ ಹಾಕಿ ಮೂರು ತಿಂಗಳ ಮೇಲಾಯ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ. ಒಂದು ವಿಷಯ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತ್ತು, ಅದನ್ನು ಬರೆಯದೆ ಬೇರೇನೂ ಬರೆಯೋಕಾಗಲಿಲ್ಲ. ವಿಷಯ ಏನಪ್ಪಾ ಅಂದರೆ ಎಸ್‌ಕ್ಯೂಎಲ್. ಹೌದು, ಡೇಟಾಬೇಸು. ಕವಿತೆ ಓದಲು ಬಂದವರು ದಯವಿಟ್ಟು ಕ್ಷಮಿಸಿ. ಆದರೆ ಅರ್ಧಕ್ಕೇ ಎದ್ದು ಹೋಗಬೇಡಿ, ಕೊನೆಯಲ್ಲಿ ಅಮ್ಮ ಬರ್ತಾಳೆ. :-)

ನಾನು ಕೆಲಸ ಮಾಡುವುದು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ. ಬೇರೆ ಬೇರೆ ಕಂಪನಿಗಳ ನೌಕರರ ವಿವರ, ರಜೆ, ಸಂಬಳದ ಚೀಟಿ ಇವನ್ನೆಲ್ಲ ನೋಡಿಕೊಳ್ಳುವ ತಂತ್ರಾಂಶ ನಮ್ಮದು. ನಾವು ಅರವತ್ತು ಜನವೂ ಅದನ್ನೇ ಬಳಸುತ್ತೇವೆ. ಅಂದರೆ ನನ್ನ ವಿವರವೂ ನಾನೇ ಕಾಯುವ ಡೇಟಾಬೇಸಿನಲ್ಲಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡೇಟಾಬೇಸ್ ಅಂದರೆ ಕೋಷ್ಟಕಗಳು. ಸಾಲು, ಕಂಬ, ನಡುವೆ ಕೋಣೆಗಳು. ೧೯೭೦ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಈ ಪದ್ಧತಿಯನ್ನು ಒಂದು ಪ್ರಬಂಧವಾಗಿ ಮಂಡಿಸಿದರು. ಇಂಜಿನಿಯರಿಂಗ್ ಐದನೇ ಸೆಮಿಸ್ಟರಿನಲ್ಲಿ ನಾವೆಲ್ಲ ಬಾಯಿಪಾಠ ಹೊಡೆದ ಕಟ್ಟಳೆ ಇದು: ಒಂದು ಕೋಣೆಯಲ್ಲಿ ಒಂದೇ ಮೌಲ್ಯ. ಹೆಸರಿನ ಕೋಣೆಯಲ್ಲಿ ಹೆಸರು, ಊರಿನ ಕೋಣೆಯಲ್ಲಿ ಊರು. ಒಂದರೊಳಗೊಂದು ತುರುಕಬಾರದು.

ಆದರೆ ಜಗತ್ತು ಹಾಗಿಲ್ಲವಲ್ಲ. ಒಂದು ಕಂಪನಿಗೆ ನೌಕರನ ರಕ್ತದ ಗುಂಪು ಬೇಕು, ಇನ್ನೊಂದಕ್ಕೆ ಬೂಟಿನ ಅಳತೆ ಬೇಕು. ಪ್ರತಿಯೊಬ್ಬರಿಗೂ ಹೊಸ ಕಂಬ ಸೇರಿಸುತ್ತಾ ಕೂರೋಕಾಗುತ್ತಾ? ಅದಕ್ಕೇ ಜೇಸನ್ ಬಂತು. ನಮ್ಮೂರ ಮನೆಯಲ್ಲಿ ಅಜ್ಜಿಯದೊಂದು ಕಬ್ಬಿಣದ ಟ್ರಂಕು ಇತ್ತು. ಟ್ರಂಕಿನೊಳಗೆ ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ ಬಟ್ಟೆಗಂಟು, ಗಂಟಿನೊಳಗೆ ಎಲೆಯಡಿಕೆ ಸಂಚಿ, ಸಂಚಿಯೊಳಗೆ ನಾಲ್ಕಾಣೆ ಎಂಟಾಣೆ. ಜೇಸನ್ ಅಂದರೆ ಅದೇ. ನಾವು ಬಳಸುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ೨೦೧೨ರಿಂದಲೇ ಜೇಸನ್ ಇಡಬಹುದಿತ್ತು. ೨೦೧೪ರಲ್ಲಿ ಬಂದ ೯.೪ ಆವೃತ್ತಿಯಲ್ಲಿ ಅದನ್ನು ಒಡೆದು ಜೋಡಿಸಿಟ್ಟುಕೊಳ್ಳುವ ಜೇಸನ್‌ಬಿ ಎಂಬ ನಮೂನೆಯೂ ಸೇರಿತು. ಒಂದೇ ಕೋಣೆಯಲ್ಲಿ ಇಡೀ ಟ್ರಂಕು!

ನಮ್ಮಲ್ಲಿ ಪ್ರತಿ ನೌಕರನ ಸಾಲಿನಲ್ಲೂ ಅಂಥದ್ದೊಂದು ಟ್ರಂಕು ಇದೆ. ಒಳಗೆ ತಂದೆಯ ಹೆಸರು, ವಿಳಾಸ, ಓದು, ಮತ್ತೆ 'ತುರ್ತು ಸಂಪರ್ಕ' ಅಂತ ಒಂದು ಪಟ್ಟಿ. ಪಟ್ಟಿಯಲ್ಲಿ ಇಬ್ಬರೋ ಮೂವರೋ, ಪ್ರತಿಯೊಬ್ಬರಿಗೂ ಹೆಸರು, ಸಂಬಂಧ, ಫೋನ್ ನಂಬರ್. ನಿಮಗೇನಾದರೂ ಆದರೆ ಆಫೀಸಿನವರು ಮೊದಲು ಫೋನ್ ಮಾಡುವುದು ಪಟ್ಟಿಯ ಮೊದಲನೆಯವರಿಗೆ. ಜೇಸನ್ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಮೊದಲನೆಯವರು 'ಸೊನ್ನೆ', ಎರಡನೆಯವರು 'ಒಂದು'.

ಮೂರು ತಿಂಗಳ ಹಿಂದೆ ಎಲ್ಲರಿಗೂ ಒಂದು ಫಾರ್ಮ್ ಕಳಿಸಿದ್ದರು. "ನಿಮ್ಮ ಮೊದಲ ತುರ್ತು ಸಂಪರ್ಕದ ಈಗಿನ ಫೋನ್ ನಂಬರ್ ಬರೆಯಿರಿ" ಅಂತ ಒಂದೇ ಪ್ರಶ್ನೆ. ಉತ್ತರಗಳೆಲ್ಲ ಒಂದು ಪಟ್ಟಿಯಾಗಿ ಬಂದವು. ಅದನ್ನು ಒಂದು ಕೋಷ್ಟಕಕ್ಕೆ ತುಂಬಿ, ಅಲ್ಲಿಂದ ಪ್ರತಿಯೊಬ್ಬರ ಟ್ರಂಕಿನೊಳಗಿನ ಆ ನಂಬರನ್ನು ಬದಲಾಯಿಸುವುದು ನನ್ನ ಕೆಲಸ.

ಇದಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ ಜೇಸನ್‌ಬಿ-ಸೆಟ್ ಅನ್ನೋ ಫಂಕ್ಷನ್ ಇದೆ. ಅದಕ್ಕೆ ಮೂರು ಸಂಗತಿ ಹೇಳಬೇಕು. ಯಾವ ಟ್ರಂಕು, ಒಳಗೆ ಯಾವ ದಾರಿ, ಅಲ್ಲಿ ಇಡಬೇಕಾದ ಹೊಸ ಮೌಲ್ಯ ಏನು. ದಾರಿ ಅಂದರೆ 'ತುರ್ತು ಸಂಪರ್ಕ, ಸೊನ್ನೆ, ಫೋನ್'. ಕೇಳೋಕೆ ಎಷ್ಟು ಸಲೀಸು ನೋಡಿ! ಒಳಗಿನ ಒಂದು ನಂಬರ್ ಮಾತ್ರ ಬದಲಾಗುತ್ತದೆ, ಉಳಿದಿದ್ದು ಇದ್ದ ಹಾಗೇ ಇರುತ್ತದೆ ಅಂತ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು.

ನಿಜ ಏನೆಂದರೆ ಅದು ಒಳಗೆ ಕೈ ಹಾಕುವುದೇ ಇಲ್ಲ. ಹಳೇ ಟ್ರಂಕು ನೋಡಿಕೊಂಡು ಒಂದು ಹೊಸ ಟ್ರಂಕನ್ನೇ ಪೂರ್ತಿ ತಯಾರಿಸಿ ನಮ್ಮ ಕೈಗಿಡುತ್ತದೆ. ನಾವು ಅಪ್‌ಡೇಟ್ ಮಾಡುವಾಗ ಹಳೇ ಟ್ರಂಕಿನ ಜಾಗದಲ್ಲಿ ಆ ಹೊಸದನ್ನು ಇಡುತ್ತೇವೆ, ಅಷ್ಟೆ. ಹೊಸ ಟ್ರಂಕು ತಯಾರಾಗದೇ ಹೋದರೆ? ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಶುಕ್ರವಾರ ಸಂಜೆ ಆರೂವರೆ. (ಶುಕ್ರವಾರ ಸಂಜೆ ಡೇಟಾಬೇಸ್ ಮುಟ್ಟಬಾರದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.) ಇಪ್ಪತ್ತು ಸಾಲುಗಳ ಮೇಲೆ ಮೊದಲು ಪರೀಕ್ಷಿಸಿದೆ, ಎಲ್ಲ ಸರಿಯಾಗಿತ್ತು. ಆಮೇಲೆ ಪೂರ್ತಿ ಓಡಿಸಿದೆ. 'ಅಪ್‌ಡೇಟ್ ೧೮೪೦' ಅಂತ ಬಂತು. ೧೮೪೦ ಜನ, ೧೮೪೦ ಸಾಲು. ಲೆಕ್ಕ ಸರಿಯಿದೆ ಅಂತ ಬ್ಯಾಗು ಹೆಗಲಿಗೇರಿಸಿದೆ.

ಲಿಫ್ಟಿನ ಹತ್ತಿರ ಹೋಗಿದ್ದೆ, ಫೋನ್ ಬಂತು. "ಕೆಲವರ ವಿವರದ ಪುಟ ಪೂರ್ತಿ ಖಾಲಿ ಬರ್ತಿದೆ, ವಿಳಾಸನೂ ಇಲ್ಲ, ಏನೂ ಇಲ್ಲ."

ವಾಪಸ್ ಬಂದು ನೋಡಿದರೆ ೩೭ ಜನರ ಟ್ರಂಕೇ ಇಲ್ಲ! ಫೋನ್ ನಂಬರ್ ಅಲ್ಲ ಸ್ವಾಮೀ, ಇಡೀ ಟ್ರಂಕು. ಇದ್ದ ಕೋಣೆಯಲ್ಲಿ ನಲ್. ಕೈಕಾಲು ತಣ್ಣಗಾಯ್ತು. ಏನೇನೋ ಟೈಪ್ ಮಾಡೋಕೆ ಶುರು ಮಾಡಿದ್ದೆ, ಅಷ್ಟರಲ್ಲಿ ನಮ್ಮ ಲೀಡ್ ಹಿಂದೆ ಬಂದು ನಿಂತರು. ಧಾರವಾಡದ ಕಡೆಯವರು.

"ಮೇಡಂ, ೩೭ ಜನರದ್ದು ಎಲ್ಲಾ ಹೋಯ್ತು."

"ಏನೂ ಹೋಗಿಲ್ಲ ತಗೋ. ಮೊದಲ ಕೈ ತಗಿ ಕೀಬೋರ್ಡ್ ಮ್ಯಾಲಿಂದ."

ಆಮೇಲೆ ಅವರೇ ಕುರ್ಚಿ ಎಳೆದುಕೊಂಡು ಕೂತರು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಅದಾದ ಮೇಲೆ ಆದ ಪ್ರತಿಯೊಂದು ಬದಲಾವಣೆಯ ಲಾಗ್ ಇತ್ತು. ಎರಡನ್ನೂ ಸೇರಿಸಿ, ಬೇರೊಂದು ಯಂತ್ರದಲ್ಲಿ ಸಂಜೆ ೬ ಗಂಟೆ ೨೫ ನಿಮಿಷದಲ್ಲಿ ಡೇಟಾಬೇಸ್ ಹೇಗಿತ್ತೋ ಹಾಗೆ ಎಬ್ಬಿಸಿದೆವು. ಅಲ್ಲಿಂದ ೩೭ ಟ್ರಂಕುಗಳನ್ನು ಹೊತ್ತು ತಂದು ಮೊದಲಿನ ಜಾಗದಲ್ಲಿಟ್ಟೆವು. ಮುಗಿದಾಗ ರಾತ್ರಿ ಹನ್ನೊಂದೂವರೆ. ಅವರು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಆಗಿದ್ದೇನು ಅಂದರೆ, ಆ ೩೭ ಜನ ಫಾರ್ಮಿನಲ್ಲಿ ನಂಬರ್ ಬರೆಯದೆ ಖಾಲಿ ಬಿಟ್ಟಿದ್ದರು. ಪಟ್ಟಿಯನ್ನು ಕೋಷ್ಟಕಕ್ಕೆ ತುಂಬುವಾಗ ಖಾಲಿ ಜಾಗವೆಲ್ಲ ನಲ್ ಆಗಿ ಕೂತಿತು. ನಲ್ ಅಂದರೆ ಸೊನ್ನೆಯಲ್ಲ, ಖಾಲಿ ಪದವೂ ಅಲ್ಲ. ಎಸ್‌ಕ್ಯೂಎಲ್‌ನಲ್ಲಿ ನಲ್ ಅಂದರೆ 'ಗೊತ್ತಿಲ್ಲ'. ಐದಕ್ಕೆ 'ಗೊತ್ತಿಲ್ಲ' ಕೂಡಿದರೆ ಎಷ್ಟು? ಗೊತ್ತಿಲ್ಲ. ಜೇಸನ್‌ಬಿ-ಸೆಟ್ ಕೂಡ ಅದೇ ಜಾತಿ. ಕೊಟ್ಟ ಸಂಗತಿಗಳಲ್ಲಿ ಒಂದು ನಲ್ ಆಗಿದ್ದರೂ ಅದರ ಉತ್ತರವೂ ನಲ್. ಹೊಸ ನಂಬರ್ ಗೊತ್ತಿಲ್ಲವೇ, ಹಾಗಾದರೆ ಹೊಸ ಟ್ರಂಕೂ ಗೊತ್ತಿಲ್ಲ! ನಾನು ಆ 'ಗೊತ್ತಿಲ್ಲ'ವನ್ನು ತೆಗೆದುಕೊಂಡು ಹೋಗಿ ತುಂಬಿದ ಟ್ರಂಕಿನ ಜಾಗದಲ್ಲಿಟ್ಟೆ. ಡೇಟಾಬೇಸ್ ನನಗೆ ಮೋಸ ಮಾಡಲಿಲ್ಲ. ನಾನು ಹೇಳಿದ್ದನ್ನೇ ಚಾಚೂ ತಪ್ಪದೆ ಮಾಡಿತು. ನಾನು ಪರೀಕ್ಷಿಸಿದ ಇಪ್ಪತ್ತು ಜನ ಎಲ್ಲರೂ ಒಳ್ಳೆಯ ಮಕ್ಕಳು, ಫಾರ್ಮ್ ತುಂಬಿದ್ದರು.

ನನ್ನ ಹಾಗೇ ಎಡವುವ ಟೆಕ್ಕಿ ಮಿತ್ರರಿಗಾಗಿ ನಾಲ್ಕು ಮಾತು, ಉಳಿದವರು ಈ ಪ್ಯಾರಾ ಹಾರಿಸಿ ಮುಂದಕ್ಕೆ ಹೋಗಬಹುದು. ಒಂದು, ಹೊಸ ಮೌಲ್ಯ ನಲ್ ಆಗಿರುವ ಸಾಲುಗಳನ್ನು ವೇರ್ ಹಾಕಿ ಹೊರಗಿಡಿ. ೨೦೨೦ರಲ್ಲಿ ಬಂದ ೧೩ನೇ ಆವೃತ್ತಿಯಿಂದ ಜೇಸನ್‌ಬಿ-ಸೆಟ್-ಲ್ಯಾಕ್ಸ್ ಅಂತ ಇನ್ನೊಂದಿದೆ, ನಲ್ ಬಂದರೆ ಏನು ಮಾಡಬೇಕು ಅಂತ ಅದಕ್ಕೆ ಹೇಳಿಕೊಡಬಹುದು. ಎರಡು, ಜೇಸನ್ ಇರುವ ಕಂಬಕ್ಕೆ ನಾಟ್ ನಲ್ ಹಾಕಿ. ಅದೊಂದಿದ್ದಿದ್ದರೆ ನನ್ನ ಕ್ವೆರಿ ಒಂದು ಸಾಲನ್ನೂ ಮುಟ್ಟದೆ ಎರರ್ ಕೊಟ್ಟು ನಿಲ್ಲುತ್ತಿತ್ತು. ಮೂರು, ಮೊದಲು ಬಿಗಿನ್, ಆಮೇಲೆ ಅಪ್‌ಡೇಟ್, ಕಣ್ಣಾರೆ ನೋಡಿದ ಮೇಲಷ್ಟೇ ಕಮಿಟ್. 'ಅಪ್‌ಡೇಟ್ ೧೮೪೦' ಅನ್ನೋದು ಎಷ್ಟು ಸಾಲು ಬದಲಾಯ್ತು ಅಂತ ಹೇಳುತ್ತದೆಯೇ ಹೊರತು ಏನಾಗಿ ಬದಲಾಯ್ತು ಅಂತ ಹೇಳುವುದಿಲ್ಲ. ನಾಲ್ಕು, ದಾರಿಯ ನಡುವಿನ ಡಬ್ಬಿಯೇ ಇಲ್ಲದಿದ್ದರೆ ಜೇಸನ್‌ಬಿ-ಸೆಟ್ ಎರರ್ ಕೊಡುವುದಿಲ್ಲ, ಹಳೇ ಟ್ರಂಕನ್ನೇ ತೆಪ್ಪಗೆ ವಾಪಸ್ ಕೊಡುತ್ತದೆ. ಅದನ್ನೂ ಎಣಿಸಿ ನೋಡಿ. ನಮ್ಮ ಲೀಡ್ ಹೇಳಿದ ಐದನೆಯದೇ ಮುಖ್ಯವಾದದ್ದು: ಎಲ್ಲರಿಗೂ ಇರುವ, ಆಗಾಗ ಬದಲಾಗುವ ವಿಷಯವನ್ನು ಜೇಸನ್ ಒಳಗೆ ತುರುಕಲೇಬಾರದು. ಕಾಡ್ ಹೇಳಿದ ಹಾಗೆ ಅದಕ್ಕೊಂದು ಬೇರೆ ಕೋಷ್ಟಕ ಮಾಡಬೇಕು.

ಸರಿ, ಹಾರಿಸಿದವರು ಇಲ್ಲಿಂದ ಓದಿ.

ಆ ರಾತ್ರಿ ವಾಪಸ್ ತಂದ ೩೭ ಸಾಲುಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದೆ. ಇಪ್ಪತ್ತೊಂಬತ್ತನೆಯದೋ ಮೂವತ್ತನೆಯದೋ ಇರಬೇಕು, ಹೆಸರು ನೋಡಿ ಕೈ ನಿಂತಿತು. ಅದು ನಾನೇ.

ಫಾರ್ಮ್ ಖಾಲಿ ಬಿಟ್ಟವರಲ್ಲಿ ನಾನೂ ಒಬ್ಬ. ಮರೆತಿದ್ದಲ್ಲ. ಫಾರ್ಮ್ ತೆರೆದಿದ್ದೆ. ಪ್ರಶ್ನೆಯ ಕೆಳಗೆ ಹಳೇ ದಾಖಲೆಯನ್ನೂ ತೋರಿಸಿದ್ದರು: ಸಂಬಂಧ, ತಂದೆ. ಅದರ ಮುಂದೆ ಅಪ್ಪನ ನಂಬರ್. 'ಈಗಿನ ನಂಬರ್ ಬರೆಯಿರಿ.'

ಅಪ್ಪ ಹೋಗಿ ಎರಡು ವರ್ಷವಾಯ್ತು. ಈಗಿನ ನಂಬರ್ ಅಂತ ಏನು ಬರೆಯಲಿ? ಆಮೇಲೆ ನೋಡೋಣ ಅಂತ ಖಾಲಿ ಬಿಟ್ಟು ಒಪ್ಪಿಸಿಬಿಟ್ಟೆ. ಆಮೇಲೆ ಅನ್ನೋದು ಬರಲೇ ಇಲ್ಲ. ಆ ಖಾಲಿಯೇ ನಲ್ ಆಗಿ, ನನ್ನದೇ ಕ್ವೆರಿಯಲ್ಲಿ ಸುತ್ತಿ ಬಂದು, ನನ್ನದೇ ವಿಳಾಸ, ಓದು, ಊರು ಎಲ್ಲವನ್ನೂ ನುಂಗಿಹಾಕಿತ್ತು. ಉಳಿದ ೩೬ ಜನ ಯಾಕೆ ಖಾಲಿ ಬಿಟ್ಟರೋ. ನನ್ನ ಕಾರಣ ಮಾತ್ರ ನನಗೆ ಗೊತ್ತಿತ್ತು.

ಜೇಸನ್ ಒಳಗೂ ಒಂದು ನಲ್ ಇದೆ, ಇದು ಬಹಳ ಜನರಿಗೆ ತಿಳಿದಿರುವುದಿಲ್ಲ. ಎಸ್‌ಕ್ಯೂಎಲ್ ನಲ್ ಬೇರೆ, ಜೇಸನ್ ನಲ್ ಬೇರೆ. ಜೇಸನ್‌ನ ನಲ್ ಒಂದು ನಿಜವಾದ ಮೌಲ್ಯ. ಅದನ್ನು ಜೇಸನ್‌ಬಿ-ಸೆಟ್‌ಗೆ ಕೊಟ್ಟರೆ ಫೋನ್ ಅನ್ನೋ ಜಾಗದಲ್ಲಿ ಅದು ಸುಮ್ಮನೆ ಹೋಗಿ ಕೂರುತ್ತದೆ, ಅಕ್ಕಪಕ್ಕದ ಯಾವುದನ್ನೂ ಕೆಡಿಸುವುದಿಲ್ಲ. ನನ್ನ ಮಟ್ಟಿಗೆ ಮೊದಲನೆಯದು 'ಗೊತ್ತಿಲ್ಲ', ಎರಡನೆಯದು 'ಇಲ್ಲ'. ಇಲ್ಲ ಅಂತ ಒಪ್ಪಿ ಬರೆದರೆ ಅದು ತನ್ನ ಜಾಗದಲ್ಲಷ್ಟೇ ಇರುತ್ತದೆ. ಗೊತ್ತಿಲ್ಲ ಅಂತ ಬಿಟ್ಟರೆ ಎಲ್ಲವನ್ನೂ ತಿನ್ನುತ್ತದೆ. ಎರಡು ವರ್ಷದಿಂದ ನಾನು ಮಾಡಿಕೊಂಡು ಬಂದಿದ್ದು ಎರಡನೆಯದನ್ನೇ ಅಂತ ರಾತ್ರಿ ಹನ್ನೊಂದೂವರೆಗೆ ಖಾಲಿ ಆಫೀಸಿನಲ್ಲಿ ಅನಿಸಿತು.

ಇನ್ನೊಂದೂ ಹೊಳೆಯಿತು. ಬಳಕೆ ನಿಂತ ಮೊಬೈಲ್ ನಂಬರನ್ನು ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತಾರೆ. ಸಿಲ್ಕ್ ಬೋರ್ಡಿನಲ್ಲಿ ನನ್ನ ಬೈಕಿಗೆ ಏನಾದರೂ ಆಗಿ ಆಫೀಸಿನವರು ಸೊನ್ನೆಯ ನಂಬರಿಗೆ ಫೋನ್ ಮಾಡಿದರೆ, ಎತ್ತುವವರು ಯಾರೋ ಅಪರಿಚಿತರು. ಅಮ್ಮನ ನಂಬರ್ ಎರಡನೆಯ ಜಾಗದಲ್ಲಿ, ಯಾರೂ ನೋಡದ ಕಡೆ ಇತ್ತು.

ಮರುದಿನ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ.

"ಏನೋ, ಇಷ್ಟ್ ಬೇಗ? ತಿಂಡಿ ಆಯ್ತಾ?"

"ಇಲ್ಲಮ್ಮ. ಆಫೀಸಲ್ಲಿ ತುರ್ತಿಗೆ ಅಂತ ಒಂದು ನಂಬರ್ ಕೊಡ್ಬೇಕು. ನಿನ್ನದು ಕೊಡ್ಲಾ ಅಂತ."

ಸ್ವಲ್ಪ ಹೊತ್ತು ಸದ್ದಿಲ್ಲ.

"ಇಷ್ಟ್ ದಿನ ಅಪ್ಪಂದೇ ಇತ್ತಾ?"

"ಹ್ಞೂಂ."

"ನನ್ನದೇ ಕೊಡು. ರಾತ್ರಿ ಹೊತ್ತೂ ತಲೆದಿಂಬಿನ ಹತ್ರನೇ ಇಟ್ಕೊಂಡಿರ್ತೀನಿ. ಅಪ್ಪಂಗೆ ಆದಾಗಿಂದ ಸೈಲೆಂಟಲ್ಲಿ ಹಾಕೇ ಇಲ್ಲ." ಆಮೇಲೆ ತಕ್ಷಣ, "ತಿಂಡಿ ತಿನ್ನು ಮೊದ್ಲು" ಅಂದಳು.

ಸೋಮವಾರ ಆಫೀಸಿಗೆ ಹೋಗಿ ನನ್ನ ದಾಖಲೆ ತೆರೆದೆ. ಕ್ವೆರಿ ಬರೆಯಲಿಲ್ಲ, ಎಲ್ಲರ ಹಾಗೆ ಪುಟದಲ್ಲೇ ಮಾಡಿದೆ. ಅಪ್ಪನ ಹೆಸರಿನ ಮುಂದಿನ 'ಅಳಿಸು' ಒತ್ತುವುದಕ್ಕೆ ಎರಡು ನಿಮಿಷ ಹಿಡಿಯಿತು. ಪಟ್ಟಿಯಿಂದ ಸೊನ್ನೆಯನ್ನು ತೆಗೆದರೆ ಉಳಿದವರು ಒಂದೊಂದು ಜಾಗ ಮುಂದೆ ಬರುತ್ತಾರೆ. ಒಂದರಲ್ಲಿದ್ದ ಅಮ್ಮ ಸೊನ್ನೆಗೆ ಬಂದಳು. ಮೇಲೆ 'ತಂದೆಯ ಹೆಸರು' ಅನ್ನೋ ಜಾಗದಲ್ಲಿ ಅಪ್ಪನ ಹೆಸರು ಹಾಗೇ ಇದೆ. ಅದನ್ನು ಯಾರೂ ಬದಲಾಯಿಸುವ ಹಾಗಿಲ್ಲ.

ಹೊಸ ಕೋಷ್ಟಕದ ಕೆಲಸ ಹೋದ ವಾರ ಮುಗಿಯಿತು. ತುರ್ತು ಸಂಪರ್ಕಗಳು ಈಗ ಟ್ರಂಕಿನಿಂದ ಹೊರಗೆ ಬಂದು ತಮ್ಮದೇ ಸಾಲುಗಳಲ್ಲಿವೆ, ಟ್ರಂಕಿನ ಕಂಬಕ್ಕೆ ನಾಟ್ ನಲ್ ಹಾಕಿದ್ದೇವೆ. ಅದಾದ ಮೇಲೇ ಇದನ್ನು ಬರೆಯಲು ಕೂತಿದ್ದು.

ನಿಮ್ಮ ಆಫೀಸಿನ ಫಾರ್ಮಿನಲ್ಲಿ ಮೊದಲನೆಯ ನಂಬರ್ ಯಾರದ್ದಿದೆ? ಪುರುಸೊತ್ತಾದಾಗ ಒಮ್ಮೆ ತೆಗೆದು ನೋಡಿ. ಖಾಲಿ ಮಾತ್ರ ಬಿಡಬೇಡಿ ಮಾರಾಯ್ರೇ.