ಬಡಿದು ನೋಡುವ ಮಡಕೆ

ಕಳೆದ ದಸರಾ ರಜೆಗೆ ನಾವು ಮೂವರು ಗೆಳೆಯನ ಊರು ಮೇಲೂರಿಗೆ ಹೋಗಿದ್ವಿ. ಹೆಸರಿಗೆ ರಜೆ, ಅಸಲಿ ಕೆಲಸ ಬೇರೆ. ನಮ್ಮ ಜೊತೆ ಮೆಕ್ಯಾನಿಕಲ್ ಓದುವ ಅವನಿಗೆ ಪ್ಲೇಸ್‌ಮೆಂಟ್ ಬೇಡ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬೇಕು, ಕಪ್ಪು ಕುಳಿಗಳ ಬಗ್ಗೆ ಕೆಲಸ ಮಾಡಬೇಕು. ಇದನ್ನ ಅಪ್ಪನ ಮುಂದೆ ಹೇಳೋ ಧೈರ್ಯ ಇಲ್ಲ. ಅದಕ್ಕೇ ನಾವು.

ಅವರದು ರೇಷ್ಮೆ ಸಾಕುವ ಮನೆ. ರಾತ್ರಿ ತಟ್ಟೆಗಳಿಗೆ ಸೊಪ್ಪು ಹಾಕಿದ ಮೇಲೆ ಹುಳು ಮೇಯುವ ಸದ್ದು ಥೇಟ್ ಸಣ್ಣ ಮಳೆ ಬಂದ ಹಾಗೆ. ಮಳೆ ಅಂದರೆ ಆ ವರ್ಷ ಅಷ್ಟೇ. ಎರಡು ಬೋರ್‌ವೆಲ್ ಕೊರೆಸಿ ಎರಡೂ ಬತ್ತಿದ್ದವು, ಸಾಲ ಮಾತ್ರ ಉಳಿದಿತ್ತು. ಇದು ಗೊತ್ತಾದಾಗ ನಮ್ಮ ಬಾಯಿ ಅರ್ಧ ಕಟ್ಟಿತು. ಆದರೂ ಹೇಳಿದ್ವಿ.

ಅವರಪ್ಪ ಬೈಯಲಿಲ್ಲ. "ಬೆಳಕೇ ಆಚೆಗೆ ಬರಲ್ಲ ಅಂತೀರ. ಕಾಣದಿರೋದನ್ನ ಐತೆ ಅಂತ ಎಂಗೆ ಹೇಳ್ತೀರ?" ಅಂದರು.

ನಾವು ಬುಡದಿಂದ ಶುರು ಮಾಡಿದ್ವಿ. ನಕ್ಷತ್ರವನ್ನು ಅದರ ತೂಕವೇ ಒಳಕ್ಕೆ ಅದುಮುತ್ತಿರುತ್ತೆ, ಒಳಗಿನ ಬೆಂಕಿ ಆಚೆಗೆ ತಳ್ಳುತ್ತಿರುತ್ತೆ. ಇಂಧನ ಮುಗಿದರೆ ತಳ್ಳೋರಿಲ್ಲ. ಸೂರ್ಯನಂಥದ್ದು ಶ್ವೇತ ಕುಬ್ಜವಾಗಿ ತಣ್ಣಗಾಗುತ್ತೆ. ಅದಕ್ಕಿಂತ ಹತ್ತಾರು ಪಟ್ಟು ಭಾರದ್ದಾದರೆ ತಿರುಳು ಕುಸಿಯುತ್ತಾ ಹೋಗಿ ಕಪ್ಪು ಕುಳಿಯಾಗಬಹುದು. ಅಂಥ ಎರಡು ಒಂದನ್ನೊಂದು ಸುತ್ತುತ್ತಾ ಹತ್ತಿರ ಬಂದು ಸೇರಿದರೆ ದೇಶಕಾಲವೇ ಅಲುಗಾಡುತ್ತೆ.

"ಅಂದ್ರೆ ಸದ್ದು ಕೇಳಿಸ್ತೈತಾ?"

"ಸಂತೇಲಿ ಮಡಕೆ ತಗೊಳ್ಳುವಾಗ ಏನ್ಮಾಡ್ತೀರ?" ಅಂತ ಗೆಳೆಯ ಮೊದಲ ಸಲ ಬಾಯಿಬಿಟ್ಟ.

"ಬಡಿದು ನೋಡ್ತೀವಿ."

ಅಲ್ಲಿಂದ ಅವನೇ ಮಾತಾಡಿದ. ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ, ಕನ್ನಡ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ, ಮಾಡಿದ್ದು ಇದನ್ನೇ. ಲೆಕ್ಕದಲ್ಲಿ ಕಪ್ಪು ಕುಳಿಗೆ ಅಲೆಗಳನ್ನು ಎಸೆದು ಏನು ವಾಪಸ್ ಬರುತ್ತೆ ಅಂತ ನೋಡಿದರು. ಬಡಿದ ಗಂಟೆ ಹಾಗೆ ಅದು ಮಿಡಿದು, ಬೇಗ ತಣ್ಣಗಾಗುತ್ತೆ ಅಂತ 1970ರಲ್ಲಿ ಪ್ರಕಟಿಸಿದರು. ಎಸೆದದ್ದು ಯಾವುದೇ ಇರಲಿ, ಸ್ವರ ಮಡಕೆಯದ್ದೇ. ಕುಳಿಯ ರಾಶಿ ಮತ್ತು ತಿರುಗುವಿಕೆಯೇ ಅದನ್ನು ನಿರ್ಧರಿಸೋದು.

ಆಮೇಲೆ 2015ರ ಸೆಪ್ಟೆಂಬರ್ 14. ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ಭಾರದ ಎರಡು ಕುಳಿಗಳು ಸೇರಿ 62 ಆದ ಅಲೆ, ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಿಂದ ಬಂದು ಅಮೆರಿಕದ ಲೈಗೋ ಯಂತ್ರಗಳಿಗೆ ತಾಗಿತು. 36 ಪ್ಲಸ್ 29 ಅಂದರೆ 65 ಆಗಬೇಕಲ್ಲ? ಉಳಿದ ಮೂರು ಸೂರ್ಯರಷ್ಟು ಅಲೆಯಾಗಿ ಹೋಯಿತು. 4 ಕಿಲೋಮೀಟರ್ ಉದ್ದದ ತೋಳು ಅಲುಗಿದ್ದು ಪ್ರೋಟಾನಿನ ಅಗಲದ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಸೆಕೆಂಡಿನ ಐದನೇ ಒಂದು ಭಾಗದ ಆ ಸದ್ದಿನ ಕೊನೆಯಲ್ಲಿ ವಿಶ್ವೇಶ್ವರರು ಹೇಳಿದ ಮಿಡಿತ. ಅದನ್ನು ಕೇಳಿಯೇ ಅವರು 2017ರ ಜನವರಿಯಲ್ಲಿ ತೀರಿಕೊಂಡರು.

ಅಪ್ಪ ಬೆರಳು ಮಡಚಿ ಎಣಿಸಿದರು. "ನಲವತ್ತೈದು ವರ್ಷ ಕಾದ್ರಾ?"

"ಸುಮ್ನೆ ಕಾಯಲಿಲ್ಲ. ಆ ನಡುವೆ ಬೆಂಗಳೂರಿನ ನೆಹರೂ ತಾರಾಲಯ ಕಟ್ಟಿದ್ರು," ಅಂದ ಗೆಳೆಯ. ನಾವು ಚಿಕ್ಕವರಿದ್ದಾಗ ಶಾಲೆಯಿಂದ ಬಸ್ಸಲ್ಲಿ ಹೋಗಿ ಕತ್ತು ಎತ್ತಿ ಕೂತಿದ್ದು ಅಲ್ಲೇ.

ಆಮೇಲೆ ತುಂಬಾ ಹೊತ್ತು ಹುಳುಗಳದ್ದೇ ಸದ್ದು. ಕೊನೆಗೆ ಅಪ್ಪ ಎದ್ದು ಟವೆಲ್ ಕೊಡವಿದರು. "ಎಂಟ್ರೆನ್ಸು ಬರಿ. ಪ್ಲೇಸ್‌ಮೆಂಟ್‌ಗೂ ಕೂತ್ಕೋ. ಯಾವುದು ಬರ್ತೈತೋ ನೋಡಾಣ."

ಒಪ್ಪಿದರೋ ಇಲ್ಲವೋ ಅಂತ ವಾಪಸ್ ಬರುವ ಬಸ್ಸಲ್ಲಿ ನಾವು ಜಗಳ ಆಡಿದ್ವಿ. ಗೆಳೆಯ ಮಾತ್ರ ಕಿಟಕಿ ಪಕ್ಕ ಕೂತು ಅರ್ಜಿ ತುಂಬುತ್ತಿದ್ದ. ಇನ್ನೂ ರಿಸಲ್ಟ್ ಬಂದಿಲ್ಲ. ಈಗ ಹಾಸ್ಟೆಲ್‌ನಲ್ಲಿ ಸ್ಟೀಲ್ ಲೋಟ ಕಂಡರೆ ಸಾಕು, ನಾವೆಲ್ಲ ಒಮ್ಮೆ ಬಡಿದು ನೋಡ್ತೀವಿ.